ಸ್ಪೀಕರ್ ಕೊಳ್ಳುವಾಗ ವ್ಯಾಟ್ ನಂಬಬೇಕೆ, ಕಿವಿಯನ್ನೆ?

ಮನೆಗೆ ಕಂಪ್ಯೂಟರ್ ಬಂತೆಂದರೆ ಮಕ್ಕಳ ಮುಂದಿನ ಬೇಡಿಕೆ ಸ್ಪೀಕರ್. ಅಂಗಡಿಯಲ್ಲಿ ನೋಡಿದರೆ ಅಂಗೈಯಗಲದ ಸ್ಪೀಕರಿನ ಡಬ್ಬದ ಮೇಲೂ ‘1000 ವ್ಯಾಟ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವುದುಂಟು. ಇಸ್ತ್ರಿಪೆಟ್ಟಿಗೆಗೆ ಬೇಕಾಗುವಷ್ಟು ವಿದ್ಯುತ್ತನ್ನು ಈ ಪುಟ್ಟ ಸಾಧನ ತರುವುದಾದರೂ ಎಲ್ಲಿಂದ?

ಆ ಸಂಖ್ಯೆಯ ಪಕ್ಕದಲ್ಲಿ ಸಣ್ಣದಾಗಿ ‘ಪಿಎಂಪಿಒ’ ಎಂದಿರುತ್ತದೆ. ಅದು ಕ್ಷಣಮಾತ್ರದ ಗರಿಷ್ಠ ಶಕ್ತಿಯ ಅಂಕಿ. ಅದನ್ನು ಲೆಕ್ಕ ಹಾಕಲು ಎಲ್ಲರೂ ಒಪ್ಪಿದ ಕ್ರಮವೇ ಇಲ್ಲ. ಕೊಳ್ಳುವವರು ಹುಡುಕಬೇಕಾದದ್ದು ‘ಆರ್‌ಎಂಎಸ್’ ಎಂಬ ಅಂಕಿಯನ್ನು. ಸ್ಪೀಕರ್ ಎಡೆಬಿಡದೆ ನಿಭಾಯಿಸುವ ಶಕ್ತಿಯನ್ನು ಅದು ತಿಳಿಸುತ್ತದೆ.

ಹೈಸ್ಕೂಲು ವಿದ್ಯಾರ್ಥಿಯೇ ಇಲ್ಲೊಂದು ಲೆಕ್ಕ ಮಾಡಬಹುದು. ಯುಎಸ್‌ಬಿ 2.0 ಕಿಂಡಿಯಿಂದ ದೊರೆಯುವುದು 5 ವೋಲ್ಟ್, 0.5 ಆಂಪಿಯರ್. ಎರಡನ್ನೂ ಗುಣಿಸಿದರೆ 2.5 ವ್ಯಾಟ್. ಈ ಕಿಂಡಿಯನ್ನೇ ನಂಬಿದ ಸ್ಪೀಕರ್ ಸತತವಾಗಿ ಅದಕ್ಕಿಂತ ಹೆಚ್ಚು ಕೊಡಲು ಶಕ್ತಿ ಸಂರಕ್ಷಣೆಯ ನಿಯಮ ಒಪ್ಪುವುದಿಲ್ಲ.

ಹಾಗೆಂದು ಹೆಚ್ಚು ವ್ಯಾಟ್ ಬೇಕೇಬೇಕೆಂದೂ ಇಲ್ಲ. ಶಕ್ತಿ ಇಮ್ಮಡಿಯಾದರೆ ಶಬ್ದದ ಮಟ್ಟ ಏರುವುದು 3 ಡೆಸಿಬೆಲ್ ಮಾತ್ರ. ಸದ್ದು ಎರಡರಷ್ಟಾಯಿತೆಂದು ಕಿವಿಗೆ ಅನ್ನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಓದುವ ಕೋಣೆಗೆ ಐದಾರು ವ್ಯಾಟ್ ಆರ್‌ಎಂಎಸ್ ಧಾರಾಳ.

ಇನ್ನು ಗುಣಮಟ್ಟ. ಮೃದಂಗದ ಎಡಬದಿಯ ಮಂದ್ರ ನಾದಕ್ಕೆ ಹೆಚ್ಚು ಗಾಳಿಯನ್ನು ಕದಲಿಸಬೇಕು. ಚಿಕ್ಕ ಸ್ಪೀಕರಿಗೆ ಅದು ಕಷ್ಟ. ಅದಕ್ಕಾಗಿಯೇ ‘2.1’ ಜೋಡಣೆಯಲ್ಲಿ ಸಬ್‌ವೂಫರ್ ಎಂಬ ಮೂರನೆಯ ಪೆಟ್ಟಿಗೆ ಇರುತ್ತದೆ. ಪಾಠ ಕೇಳುವುದಕ್ಕಷ್ಟೇ ಆದರೆ ಎರಡು ಪೆಟ್ಟಿಗೆಗಳೇ ಸಾಕು. ಅಂಗಡಿಗೆ ಹೋಗುವಾಗ ಪರಿಚಿತ ಹಾಡೊಂದನ್ನೂ ಕನ್ನಡ ಭಾಷಣವೊಂದನ್ನೂ ಮೊಬೈಲಿನಲ್ಲಿ ಒಯ್ಯುವುದು ಒಳ್ಳೆಯದು. ‘ಸ’ ಮತ್ತು ‘ಶ’ ಬೇರೆಬೇರೆಯಾಗಿ ಕೇಳಿಸಬೇಕು. ಸದ್ದು ಏರಿಸಿದಾಗ ದನಿ ಒಡೆಯಬಾರದು.

ಹಣಕ್ಕಿಂತ ದೊಡ್ಡ ಮಾತೊಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಾರಕ್ಕೆ 40 ಗಂಟೆ ಆಲಿಸಲು ದೊಡ್ಡವರಿಗೆ 80 ಡೆಸಿಬೆಲ್, ಮಕ್ಕಳಿಗೆ 75 ಡೆಸಿಬೆಲ್ ಮಿತಿ. ಆ ಮೇಲೆ ಪ್ರತಿ 3 ಡೆಸಿಬೆಲ್ ಏರಿಕೆಗೂ ಸುರಕ್ಷಿತ ಅವಧಿ ಅರ್ಧವಾಗುತ್ತದೆ. ಅಂದರೆ ಕಿವಿಗೆ ತುಸುವೇ ಹೆಚ್ಚಾಯಿತೆನಿಸುವ ಸದ್ದು 40 ಗಂಟೆಯನ್ನು 20ಕ್ಕೆ ಇಳಿಸಿರುತ್ತದೆ. ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ. ಕೆಟ್ಟ ಸ್ಪೀಕರನ್ನು ಬದಲಾಯಿಸಬಹುದು, ಕಿವಿಯನ್ನಲ್ಲ.