ಬಾಗಿಲು ಕೂರಿಸುವ ಮೊದಲು ಬಾಕಿ ಲೆಕ್ಕ

ಆದಿಚುಂಚನಗಿರಿಯ ಆಸುಪಾಸಿನಲ್ಲಿ ಹಳೆಯ ಮನೆಗೆ ಹೊಸ ಬಾಗಿಲು, ಕಿಟಕಿ ಇಡಿಸುವ ಸದಸ್ಯರು ಬಡಗಿಗೆ ಹೇಳುವ ಮಾತುಂಟು: "ಅಡಿಕೆ ಮಾರಿದ ಮೇಲೆ ಕೊಡ್ತೀವಿ." ಈ ಮಾತಿಗೆ ಕಾನೂನಿನಲ್ಲಿ ಏನು ಬೆಲೆಯೆಂಬುದನ್ನು ನಾವು ತಿಳಿದಿರಬೇಕು.

1872ರ ಭಾರತೀಯ ಕರಾರು ಅಧಿನಿಯಮದ 170ನೆಯ ಕಲಮಿನಂತೆ, ನಾವು ಕೊಟ್ಟ ಮರದಲ್ಲಿ ಬಾಗಿಲು ಮಾಡಿದ ಬಡಗಿಯು ಕೂಲಿ ಸಲ್ಲುವ ತನಕ ಅದನ್ನು ತನ್ನಲ್ಲೇ ತಡೆದಿಟ್ಟುಕೊಳ್ಳಬಹುದು. ವಕೀಲರು ಇದನ್ನು ಲಿಯನ್ ಎನ್ನುತ್ತಾರೆ. ಆದರೆ ಸದರಿ ಕಲಮಿನ ಉದಾಹರಣೆಯಲ್ಲೇ ಒಬ್ಬ ದರ್ಜಿಯಿದ್ದಾನೆ. ಕೋಟು ಹೊಲಿದೊಡನೆ ಕೊಟ್ಟು, ಹಣಕ್ಕೆ ಮೂರು ತಿಂಗಳ ವಾಯಿದೆ ಬಿಡಲು ಒಪ್ಪಿದ ಅವನಿಗೆ ಕೋಟನ್ನು ತಡೆದಿಡುವ ಹಕ್ಕಿಲ್ಲ. ಅಡಿಕೆ ಮಾರುವ ತನಕ ಕಾಯಲು ಒಪ್ಪಿದ ಬಡಗಿಯ ಪಾಡೂ ಅದೇ.

ಬಾಗಿಲು ಗೋಡೆಗೆ ಕೂತ ಮೇಲಂತೂ ಆ ಹಕ್ಕು ಹೋದಂತೆಯೇ. ಅಮೆರಿಕದ ಮೇರಿಲ್ಯಾಂಡ್ ಸಂಸ್ಥಾನವು 1791ರಲ್ಲೇ ಕಟ್ಟಡ ಕೆಲಸಗಾರರಿಗೆ ಕಟ್ಟಡದ ಮೇಲೆಯೇ ಹಕ್ಕು ಕೊಟ್ಟಿತು. ನಮ್ಮಲ್ಲಿ ಅಂಥ ಕಾಯಿದೆಯಿಲ್ಲ. ಉಳಿಯುವುದು ದಾವೆ. ಹಣದ ದಿನ ಗೊತ್ತುಮಾಡದಿದ್ದರೆ ಕೆಲಸ ಮುಗಿದ ಮೂರು ವರ್ಷದೊಳಗೆ ಹೂಡಬೇಕು. ಡಿಕ್ರಿ ಸಿಕ್ಕರೂ, ಬೇಸಾಯಗಾರನು ವಾಸವಿರುವ ಸ್ವಂತ ಮನೆಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಜಪ್ತಿಯಿಂದ ಕಾಪಾಡುತ್ತದೆ. ನಮಗೆ ರಕ್ಷಣೆ, ದುಡಿದವನಿಗೆ ಬರಿಗೈ. ಇದನ್ನು ಜಾಣತನವೆಂದು ಎಣಿಸುವವರೂ ಇದ್ದಾರೆ, ನಾವು ಎಣಿಸೆವು.

ಆದುದರಿಂದ ಉಳಿ ಹಿಡಿಯುವ ಮುನ್ನವೇ ಅಳತೆ, ಮರ, ಕೂಲಿ, ಮುಂಗಡ, ಬಾಕಿಯ ತಾರೀಖು ಇವನ್ನು ಚೀಟಿಯಲ್ಲಿ ಬರೆದು ಇಬ್ಬರೂ ರುಜು ಹಾಕಿರಿ. ಹೆಚ್ಚಿನ ಪಾಲನ್ನು ಬಾಗಿಲು ಕೂರಿಸುವ ದಿನವೇ ಸಲ್ಲಿಸಿರಿ. ನಡುವೆ "ಇನ್ನೊಂದು ಕಪಾಟು ಮಾಡಪ್ಪ" ಎಂದರೆ ಅದನ್ನೂ ಅದೇ ಚೀಟಿಗೆ ಸೇರಿಸಬೇಕು. ತಕರಾರು ಹೆಚ್ಚಾಗಿ ಬರುವುದು ಹೀಗೆ ಬಾಯಿಮಾತಿನಲ್ಲಿ ಸೇರಿಕೊಂಡ ಕೆಲಸಕ್ಕೇ.