ರೈಲ್ವೆ ಗೇಟೂ ಮೇಲುಸೇತುವೆಯೂ

ಮುಂಬಯಿಯ ಉಪನಗರಗಳಲ್ಲಿ ಹೋಟೆಲು ನಡೆಸಿದವರಿಗೆ ರೈಲ್ವೆ ಗೇಟು ಅಪರಿಚಿತ ವಸ್ತುವಲ್ಲ. ಪತ್ರಿಕೆಯ ಮೇಜಿಗೆ ಬರುವ ಮುನ್ನ ನಾವೂ ಅಂಥದೊಂದು ಗೇಟಿನ ಪಕ್ಕದಲ್ಲಿ ಹಲವು ವರ್ಷ ಗಲ್ಲೆಯ ಮೇಲೆ ಕುಳಿತವರು. ಗೇಟು ಬಿದ್ದಿತೆಂದರೆ ಇಕ್ಕೆಲಗಳಲ್ಲಿಯೂ ವಾಹನಗಳ ಸಾಲು. ಕಾದು ಬೇಸತ್ತವರು ಒಳಗೆ ಬಂದು ಚಹಾ ಕುಡಿಯುತ್ತಿದ್ದರು. ಪರರ ಕಾಯುವಿಕೆಯೇ ನಮ್ಮ ವ್ಯಾಪಾರವಾಗಿತ್ತೆಂದರೆ ತಪ್ಪಾಗದು. ಆದ್ದರಿಂದ ಅಲ್ಲಿ ಮೇಲುಸೇತುವೆ ಕಟ್ಟುವರೆಂಬ ಸುದ್ದಿ ಹಬ್ಬಿದಾಗ, ಅದು ಬೇಡವೆಂದು ಅಂಗಡಿಕಾರರು ಬರೆದ ಮನವಿಗೆ ನಾವೂ ರುಜು ಹಾಕಿದೆವು.

ಅದೇ ವರ್ಷದ ಮಳೆಗಾಲದ ಒಂದು ಸಂಜೆ ನಮ್ಮ ಅಡಿಗೆಯ ಭಟ್ಟರಿಗೆ ಎದೆನೋವು ಕಾಣಿಸಿಕೊಂಡಿತು. ಆಸ್ಪತ್ರೆ ಇದ್ದುದು ಹಳಿಗಳ ಆಚೆಗೆ. ರಿಕ್ಷಾದಲ್ಲಿ ಅವರನ್ನು ಒರಗಿಸಿಕೊಂಡು ಹೊರಟರೆ ಗೇಟು ಮುಚ್ಚಿತ್ತು. ಒಂದು ಲೋಕಲ್ ಹೋಯಿತು. ಎದುರಿನಿಂದ ಇನ್ನೊಂದು ಬಂದಿತು. ಅದರ ಹಿಂದೆಯೇ ದೂರದೂರಿನ ಮೇಲ್ ಗಾಡಿ. ಗೇಟಿನವನನ್ನು ಬೇಡಿಕೊಂಡೆವು. “ಸಿಗ್ನಲ್ ಕೊಟ್ಟಾಗಿದೆ ಸೇಠ್, ಇನ್ನು ನಾನು ಎಳೆದರೂ ಗೇಟು ಏಳುವುದಿಲ್ಲ” ಎಂದು ಆತ ಕೈಮುಗಿದನು. ಆಸ್ಪತ್ರೆಯನ್ನು ಮುಟ್ಟುವಾಗ ಭಟ್ಟರಲ್ಲಿ ಜೀವವಿರಲಿಲ್ಲ. ಕುಂದಾಪುರದ ಕಡೆಯ ಅವರ ಮನೆಗೆ ಸುದ್ದಿ ತಿಳಿಸುವಾಗ ನಮಗೆ ನೆನಪಾದುದು ಆ ರುಜು.

ಗೇಟಿನವನ ಮಾತು ಸತ್ಯವಾಗಿತ್ತು. ಗೇಟಿಗೂ ಸಿಗ್ನಲಿಗೂ ಪರಸ್ಪರ ಕೊಂಡಿಯಿರುತ್ತದೆ. ಗೇಟು ಮುಚ್ಚಿ ಭದ್ರವಾಗದ ಹೊರತು ಗಾಡಿಗೆ ಸಿಗ್ನಲ್ ದೊರೆಯದು. ಸಿಗ್ನಲ್ ಕೊಟ್ಟಮೇಲೆ ಗಾಡಿ ದಾಟುವ ತನಕ ಗೇಟು ತೆರೆಯದು. ಹಾಗೆಯೇ ರಸ್ತೆಯ ವಾಹನಗಳು ನುಗ್ಗುತ್ತ ಗೇಟು ಮುಚ್ಚಲು ಬಿಡದಿದ್ದರೆ ಗಾಡಿಯೇ ಕೆಂಪು ದೀಪದೆದುರು ನಿಲ್ಲಬೇಕು. ಒಂದು ಲೋಕಲ್ ನಿಂತರೆ ಅದರ ಹಿಂದಿನದೂ ಅದರ ಹಿಂದಿನದೂ ತಡವಾಗುವುವು. ಹೀಗೆ ಒಂದೇ ನೆಲಮಟ್ಟದಲ್ಲಿ ಎರಡು ಪ್ರವಾಹಗಳು ಕೂಡಿದಲ್ಲಿ ಒಂದರ ಅನುಕೂಲ ಇನ್ನೊಂದರ ತೊಂದರೆಯಾಗದೆ ಗತ್ಯಂತರವಿಲ್ಲ. ಎರಡನ್ನೂ ಬೇರೆಬೇರೆ ಮಟ್ಟದಲ್ಲಿ ಹರಿಯಬಿಡುವುದೊಂದೇ ಪರಿಹಾರ.

ಮೇಲುಸೇತುವೆಗೆ ಅಷ್ಟೊಂದು ಜಾಗವೇಕೆಂದು ಅನೇಕರು ಕೇಳುವುದುಂಟು. ಲೆಕ್ಕ ಸರಳವಾಗಿದೆ. ಹಳಿಯ ಮೇಲೆ ವಿದ್ಯುತ್ತಿನ ತಂತಿಯಿರುವುದರಿಂದ ಸೇತುವೆಯ ತಳವು ಹಳಿಯಿಂದ ಸುಮಾರು 6.5 ಮೀಟರ್ ಎತ್ತರದಲ್ಲಿರಬೇಕು. ತೊಲೆಗಳ ದಪ್ಪವನ್ನು ಸೇರಿಸಿದರೆ ರಸ್ತೆ ಸುಮಾರು 8 ಮೀಟರ್ ಏರಬೇಕಾಯಿತು. ಹೊರೆ ಹೇರಿದ ಲಾರಿ ಸುಖವಾಗಿ ಹತ್ತಬೇಕಾದರೆ 30 ಮೀಟರಿಗೆ 1 ಮೀಟರಿನಂತೆ ಏರು ಇಡುವುದು ವಾಡಿಕೆ. ಆಗ ಒಂದೊಂದು ಕಡೆಗೆ 240 ಮೀಟರ್ ಇಳಿಜಾರು ಬೇಕಾಗುತ್ತದೆ. ಹಳಿಯ ಮೇಲಿನ ಭಾಗ ಚಿಕ್ಕದು. ಊರಿನೊಳಗೆ ಚಾಚುವ ಈ ಎರಡು ತೋಳುಗಳೇ ದೊಡ್ಡವು. ಅಂಗಡಿ, ಚಾಳು, ಗುಡಿಗಳ ತಕರಾರೆಲ್ಲ ಹುಟ್ಟುವುದು ಅಲ್ಲಿಯೇ.

ವಿಕ್ರೋಲಿಯ ಉದಾಹರಣೆಯನ್ನು ನೋಡಬಹುದು. ಪಶ್ಚಿಮದ ಲಾಲ್ ಬಹಾದುರ್ ಶಾಸ್ತ್ರಿ ಮಾರ್ಗವನ್ನೂ ಪೂರ್ವದ ಹೆದ್ದಾರಿಯನ್ನೂ ಜೋಡಿಸುವ, 600 ಮೀಟರಿಗೂ ಮಿಕ್ಕಿ ಉದ್ದದ ಸೇತುವೆಗಾಗಿ ಅಲ್ಲಿಯ ಜನ ವರ್ಷಗಟ್ಟಲೆ ಕಾದರು. 2025ರ ಜೂನಿನಲ್ಲಿ ಅದು ಸಂಚಾರಕ್ಕೆ ತೆರೆಯಿತು. ಹಳಿಯ ಮೇಲಿನ ಕೆಲಸ ರೈಲ್ವೆಯದು, ಇಕ್ಕೆಲದ್ದು ನಗರಪಾಲಿಕೆಯದು ಎಂದು ಹಂಚಿಕೊಳ್ಳುವುದು ರೂಢಿ. ಗಾಡಿಗಳನ್ನು ತಡೆದು, ತಂತಿಯ ವಿದ್ಯುತ್ತನ್ನು ಕಡಿದು, ರಾತ್ರಿಯ ಕೆಲವೇ ಗಂಟೆಗಳಲ್ಲಿ ತೊಲೆಗಳನ್ನು ಕೂರಿಸಬೇಕಾದ ಕಷ್ಟವೂ ಇದೆ.

ಎರಡು ಕೈಗಳ ಕೆಲಸದಲ್ಲಿ ಹೊಂದಾಣಿಕೆ ತಪ್ಪಿದರೆ ಏನಾಗುವುದೆಂಬುದಕ್ಕೆ ಅಂಧೇರಿಯ ಗೋಖಲೆ ಸೇತುವೆ ಸಾಕ್ಷಿ. 2018ರ ಜುಲೈಯಲ್ಲಿ ಅದರ ಪಾದಚಾರಿ ಭಾಗ ಹಳಿಗಳ ಮೇಲೆ ಕುಸಿಯಿತು; 2022ರ ನವೆಂಬರಿನಲ್ಲಿ ಇಡೀ ಸೇತುವೆಯನ್ನು ಮುಚ್ಚಿದರು. 2024ರ ಫೆಬ್ರವರಿಯಲ್ಲಿ ಹೊಸದರ ಒಂದು ಭಾಗ ತೆರೆದಾಗ, ಪಕ್ಕದ ಬರ್ಫಿವಾಲಾ ಮೇಲುಸೇತುವೆ ಅದಕ್ಕಿಂತ ಕೆಳಗುಳಿದಿತ್ತು! ಅದನ್ನು ಜ್ಯಾಕುಗಳಿಂದ ಮೇಲೆತ್ತಿ ಜೋಡಿಸುವಾಗ ಜುಲೈ ಬಂದಿತ್ತು. ಇನ್ನು ಹಳಿಯ ಕೆಳಗೆ ಸುರಂಗದಾರಿ ತೋಡಿದರೆ ಜಾಗ ಕಡಿಮೆ ಸಾಕು, ನಿಜ. ಆದರೆ ಮುಂಬಯಿಯ ಮಳೆಯಲ್ಲಿ ಸಾಂತಾಕ್ರೂಜಿನ ಮಿಲನ್ ಸಬ್‌ವೇ ಕೆರೆಯಾಗುವುದನ್ನು ನಮ್ಮ ವಾಚಕರು ಬಲ್ಲರು.

ಮುಖ್ಯವಾದ ಮಾತೊಂದಿದೆ. 2012ರಲ್ಲಿ ಡಾ. ಅನಿಲ್ ಕಾಕೋಡ್ಕರರ ಅಧ್ಯಕ್ಷತೆಯ ಸಮಿತಿಯು, ಹಳಿ ದಾಟುವಾಗ ದೇಶದಲ್ಲಿ ವರ್ಷಕ್ಕೆ ಸುಮಾರು 15,000 ಜನ ಸಾಯುವರೆಂದೂ, ಅವರಲ್ಲಿ ಸುಮಾರು 6,000 ಮಂದಿ ಮುಂಬಯಿಯ ಉಪನಗರ ಮಾರ್ಗದವರೆಂದೂ ವರದಿ ಮಾಡಿ, ಎಲ್ಲ ಗೇಟುಗಳನ್ನೂ ತೆಗೆದುಹಾಕಲು ಶಿಫಾರಸು ಮಾಡಿತು. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳು 2019ರ ಜನವರಿಯೊಳಗೆ ಇಲ್ಲವಾದುದು ಶ್ಲಾಘನೀಯವೇ ಸರಿ. ಆದರೆ ವಾಹನಕ್ಕೆ ಸೇತುವೆ ಕಟ್ಟಿ ಗೇಟಿನ ಜಾಗಕ್ಕೆ ಗೋಡೆ ಎಬ್ಬಿಸಿದೊಡನೆ ಕೆಲಸ ಮುಗಿಯಲಿಲ್ಲ. ತಲೆಯ ಮೇಲೆ ತರಕಾರಿಯ ಬುಟ್ಟಿ ಹೊತ್ತ ಮುದುಕಿ ಆರುನೂರು ಮೀಟರ್ ಸುತ್ತುವಳೇ? ಬುತ್ತಿ ಒಯ್ಯುವ ನಮ್ಮ ಮಾಣಿ ಸುತ್ತುವನೇ? ಗೋಡೆಯಲ್ಲೊಂದು ಕಂಡಿ ಹುಡುಕಿ ಅವರು ಹಳಿಗೇ ಇಳಿಯುವರು. ಆದುದರಿಂದ ಗೇಟು ಇದ್ದ ಸ್ಥಳದಲ್ಲಿಯೇ ನಡೆದು ಹೋಗುವವರಿಗೊಂದು ಸೇತುವೆ, ಅದಕ್ಕೊಂದು ಲಿಫ್ಟು, ಯೋಜನೆಯ ಮೊದಲ ನಕ್ಷೆಯಲ್ಲಿಯೇ ಸೇರಿರಬೇಕು.

ಗೇಟಿನ ಬಳಿ ವ್ಯಾಪಾರ ಮಾಡುವ ನಮ್ಮವರು ಇಂದಿಗೂ ಅನೇಕರಿದ್ದಾರೆ. ಸೇತುವೆ ಬಂದರೆ ಗಿರಾಕಿಗಳು ತಲೆಯ ಮೇಲಿಂದ ಹೋಗುವರೆಂಬ ಅವರ ಭಯ ಸುಳ್ಳಲ್ಲ. ನಮ್ಮ ಹೋಟೆಲಿನ ವ್ಯಾಪಾರವೂ ಮುಂದೆ ಇಳಿದೇ ಇಳಿಯಿತು. ಜಾಗ ಕಳೆದುಕೊಳ್ಳುವವರು ಪರಿಹಾರಕ್ಕಾಗಿ ಹೋರಾಡಲಿ, ಕೆಳಗಿನ ರಸ್ತೆಯನ್ನು ಚೊಕ್ಕಟವಾಗಿ ಉಳಿಸಿಕೊಡಿರೆಂದು ಕೇಳಲಿ, ಅದು ನ್ಯಾಯ. ಆದರೆ ಸೇತುವೆಯೇ ಬೇಡವೆಂಬ ಮನವಿ ಮುಂದೆ ಬಂದಾಗ, ಲೇಖನಿ ಎತ್ತುವ ಮೊದಲು ಹಳಿಯ ಆಚೆಗಿರುವ ಆಸ್ಪತ್ರೆಯನ್ನೊಮ್ಮೆ ನೋಡಬೇಕೆಂಬುದೇ ನಮ್ಮ ಅರಿಕೆ.