ಕೊಟ್ಟಿಗೆಯ ಟ್ರ್ಯಾಕ್ಟರು

ಕಳೆದ ತಿಂಗಳು ಗುಜರಿಯವನೊಬ್ಬನು ಬಂದು, ನಮ್ಮ ಕೊಟ್ಟಿಗೆಯಲ್ಲಿರುವ ಹಳೆಯ ಎಚ್.ಎಂ.ಟಿ. ಟ್ರ್ಯಾಕ್ಟರಿಗೆ ಕಬ್ಬಿಣದ ತೂಕದಿಂದ ಬೆಲೆ ಕಟ್ಟಿದನು.

ಚೆಕೊಸ್ಲೊವಾಕಿಯದ ಜೆಟೊರ್ ಸಂಸ್ಥೆಯ ಸಹಕಾರದಿಂದ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ತಯಾರಾಗತೊಡಗಿದ, 25 ಅಶ್ವಶಕ್ತಿಯ ಯಂತ್ರವದು. ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರವು 2016ರಲ್ಲಿ ನಿಶ್ಚಯಿಸಿತು. ನಮ್ಮ ತೀರ್ಥರೂಪರು ಅದನ್ನು ಕೊಂಡುದು ಎರಡು ಜೊತೆ ಎತ್ತುಗಳನ್ನು ಮಾರಿ.

1982ರ ಮುಂಗಾರಿನಲ್ಲಿ, ಹದಮಳೆಯಾದ ಮರುದಿನ, ನಾನು ಉಳುತ್ತಿರುವಾಗ ಡೀಸೆಲ್ ಮುಗಿದು ಯಂತ್ರವು ನಡುಹೊಲದಲ್ಲಿ ನಿಂತುಬಿಟ್ಟಿತು. ತೊಟ್ಟಿಯನ್ನು ನೋಡಿಕೊಳ್ಳದ ತಪ್ಪು ನನ್ನದೇ. ಡೀಸೆಲ್ ತಂದು ತುಂಬಿದರೂ ಅದು ಹೊರಡಲೊಲ್ಲದು. ನೆಲದ ಹದ ಆರುತ್ತಲಿದ್ದಿತು, ಹೂಡೋಣವೆಂದರೆ ಎತ್ತುಗಳಿಲ್ಲ. ಕೊಳವೆಯೊಳಗೆ ಗಾಳಿ ಹೊಕ್ಕರೆ ಡೀಸೆಲ್ ಮುಂದೆ ಸಾಗದೆಂಬುದು ನನಗೇನು ತಿಳಿದಿದ್ದಿತು? (ಶಬ್ದಮಂಜರಿಯಲ್ಲಿ ಅದಿರಲಿಲ್ಲ!) ತೀರ್ಥರೂಪರು ಗದರಲಿಲ್ಲ, ನನ್ನ ಕೈಗೆ ಸ್ಪ್ಯಾನರು ಕೊಟ್ಟು, ಫಿಲ್ಟರಿನ ಮೇಲಣ ತಿರುಪನ್ನು ಸಡಿಲಿಸಿ ಕೈಪಂಪನ್ನು ಒತ್ತುವಂತೆ ಹೇಳಿದರು. ಮೊದಲು ಬರಿಯ ನೊರೆ. ಬಳಿಕ ಗುಳ್ಳೆಯಿಲ್ಲದೆ ಡೀಸೆಲ್ ಹರಿಯಿತು. ತಿರುಪನ್ನು ಬಿಗಿದು ಚಾಲನೆಮಾಡಲು ಯಂತ್ರವು ಗುಡುಗಿ ಎದ್ದಿತು. ಸಂಜೆಯೊಳಗೆ ಉಳುಮೆ ಮುಗಿಯಿತು.

ಆ ರಾತ್ರಿ ಅವರು ಲಾಂದ್ರವನ್ನು ಹಿಡಿದು, ಕೊಟ್ಟಿಗೆಯ ಬರಿದಾದ ಗೋದಲಿಯ ಬಳಿ ಬಹಳ ಹೊತ್ತು ನಿಂತಿದ್ದುದನ್ನು ಕಂಡೆನು. ಕರೆಯಲು ಧೈರ್ಯವಾಗಲಿಲ್ಲ.

ಗುಜರಿಯವನಿಗೆ ನಾನಿನ್ನೂ ಉತ್ತರ ಹೇಳಿಲ್ಲ.